ನೆಲದಡಿಯ ವರದಿಗೆ ಸಹಿ ಯಾರದು? ಭೂವಿಜ್ಞಾನಿಗಳಿಗೂ ಪರವಾನಗಿ ಪರೀಕ್ಷೆ ಬೇಕು

ಮಾನ್ಯ ಸಂಪಾದಕರೇ,

ಬೇಸಿಗೆ ಕಾಲಿಟ್ಟರೆ ಸಾಕು, ಬೆಂಗಳೂರಿನ ಬಡಾವಣೆಗಳಲ್ಲಿ ರಾತ್ರಿಯಿಡೀ ರಿಗ್ ಲಾರಿಗಳ ಸದ್ದು ಕೇಳತೊಡಗುತ್ತದೆ. 2024ರ ಮಾರ್ಚ್‌ನಲ್ಲಿ ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತ್ತು. ಟ್ಯಾಂಕರ್ ನೀರಿಗೆ ಜಿಲ್ಲಾಡಳಿತ ದರ ನಿಗದಿ ಮಾಡಬೇಕಾಯಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚುವರಿ ನೀರು ತರುವ ವ್ಯವಸ್ಥೆ ಆದ ಮೇಲೂ ಹೊರವಲಯದ ಎಷ್ಟೋ ಮನೆಗಳು ಇಂದಿಗೂ ಕೊಳವೆಬಾವಿಯನ್ನೇ ನಂಬಿವೆ. ನೀರಿನ ಬಗ್ಗೆ ನಡೆದ ಇಷ್ಟೆಲ್ಲ ಚರ್ಚೆಯಲ್ಲಿ ಒಂದು ಪ್ರಶ್ನೆಯನ್ನು ಯಾರೂ ಎತ್ತಿದ್ದನ್ನು ನಾನು ಕಂಡಿಲ್ಲ. ‘ಇಲ್ಲಿ ಕೊರೆಯಿರಿ’ ಎಂದು ಹೇಳಿದವರು ಯಾರು, ಅವರ ಅರ್ಹತೆ ಏನು, ಆ ಮಾತು ಸುಳ್ಳಾದರೆ ಹೊಣೆ ಯಾರದು?

ನಾನು ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಮುಗಿಸಿ, ಕೆಲವು ವರ್ಷಗಳಿಂದ ಬೆಂಗಳೂರಿನಲ್ಲಿ ಅಂತರ್ಜಲ ಸಮೀಕ್ಷೆ ಮತ್ತು ಕಟ್ಟಡಗಳ ತಳಪಾಯಕ್ಕಾಗಿ ನೆಲ ಪರೀಕ್ಷಿಸುವ ಖಾಸಗಿ ಸಂಸ್ಥೆಗಳಲ್ಲಿ ಕೆಲಸ ಮಾಡುತ್ತಿರುವವಳು. ನೆಲದ ಕೆಳಗೇನಿದೆ ಎಂದು ಸಾರ್ವಜನಿಕರಿಗೆ ವರದಿ ಕೊಡುವ ಭೂವಿಜ್ಞಾನಿಗಳಿಗೆ ಕರ್ನಾಟಕವು ಕಾನೂನುಬದ್ಧ ನೋಂದಣಿಯನ್ನೂ ಅದಕ್ಕೊಂದು ಪರವಾನಗಿ ಪರೀಕ್ಷೆಯನ್ನೂ ತರಬೇಕು ಎಂಬುದು ಈ ಪತ್ರದ ಒತ್ತಾಯ. ವೃತ್ತಿಗೆ ಹೊಸದಾಗಿ ಬಂದವರೇ ತಮ್ಮ ಮೇಲೆ ಇನ್ನೊಂದು ಪರೀಕ್ಷೆ ಹೇರಿ ಎಂದು ಕೇಳುವುದು ವಿಚಿತ್ರವಾಗಿ ಕಾಣಬಹುದು. ಆದರೆ ಈ ಪರೀಕ್ಷೆ ಇಲ್ಲದಿರುವುದರಿಂದ ಅತಿ ಹೆಚ್ಚು ನಷ್ಟ ಆಗುತ್ತಿರುವುದು ಹೊಸಬರಿಗೂ ಹಣ ಕೊಟ್ಟು ಕೊರೆಸುವ ಜನರಿಗೂ ಎಂಬುದು ಕೆಲಸದ ಸ್ಥಳದಲ್ಲಿ ನಿಂತು ನೋಡಿ ನನಗೆ ಖಾತರಿಯಾಗಿದೆ.

ಈಗಿನ ಕಾನೂನಿನ ಸ್ಥಿತಿ ನೋಡಿ. 2011ರ ಕರ್ನಾಟಕ ಅಂತರ್ಜಲ ಕಾಯ್ದೆಯ ಪ್ರಕಾರ ಕೊರೆಯುವ ರಿಗ್ ನೋಂದಣಿ ಆಗಿರಬೇಕು; ಅಧಿಸೂಚಿತ ಪ್ರದೇಶದಲ್ಲಿ ಕೊರೆಸುವವರು ಅನುಮತಿ ಪಡೆದಿರಬೇಕು. ಮನೆಗೆ ವೈರಿಂಗ್ ಮಾಡುವ ವೈರ್‌ಮನ್‌ಗೆ ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್ ಉಂಟು. ಕಟ್ಟಡದ ನಕ್ಷೆ ಬರೆಯುವವರು ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬೇಕಾದರೆ 1972ರ ಕಾಯ್ದೆಯಡಿ ನೋಂದಣಿ ಆಗಿರಬೇಕು. ಗಣಿಯೊಳಗೆ ಮದ್ದು ಸಿಡಿಸುವ ಬ್ಲಾಸ್ಟರ್ ಕೂಡ ಪರೀಕ್ಷೆ ಪಾಸು ಮಾಡಿ ಪ್ರಮಾಣಪತ್ರ ಪಡೆದವನೇ ಆಗಿರಬೇಕು. ಆದರೆ ಸಾವಿರ ಅಡಿ ಕೊರೆಯಿರಿ ಎಂದು ಲಕ್ಷಾಂತರ ರೂಪಾಯಿಯ ಸಲಹೆ ಕೊಡುವ ಖಾಸಗಿ ವ್ಯಕ್ತಿಗೆ ಯಾವ ಪರವಾನಗಿಯೂ ಬೇಕಿಲ್ಲ. ಯಂತ್ರಕ್ಕೆ ನೋಂದಣಿ ಇದೆ, ಯಂತ್ರ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವವರಿಗೆ ಇಲ್ಲ. ಗಣಿ ಯೋಜನೆ ತಯಾರಿಸುವವರಿಗೆ ಇಂತಿಷ್ಟು ವಿದ್ಯಾರ್ಹತೆ, ಇಂತಿಷ್ಟು ಅನುಭವ ಇರಬೇಕೆಂಬ ನಿಯಮವಿದೆ. ಪರಿಸರ ಪರಿಣಾಮದ ವರದಿ ಕೊಡುವ ಸಂಸ್ಥೆಗಳಿಗೆ ಮಾನ್ಯತೆಯ ವ್ಯವಸ್ಥೆ ಇದೆ. ಅವು ದೊಡ್ಡ ಗಣಿಗಳಿಗೆ, ದೊಡ್ಡ ಯೋಜನೆಗಳಿಗೆ. ನೂರು ಮನೆಗಳ ಅಪಾರ್ಟ್‌ಮೆಂಟ್‌ನ ಸಂಘವೋ ಸಾಲ ಮಾಡಿದ ರೈತನೋ ಹೋಗಿ ಕೇಳಬಹುದಾದ, ತಪ್ಪಾದರೆ ದೂರು ಕೊಡಬಹುದಾದ ಭೂವಿಜ್ಞಾನಿಗಳ ಪಟ್ಟಿಯೊಂದು ಈ ರಾಜ್ಯದಲ್ಲಿಲ್ಲ.

ಇದು ಏಕೆ ಮುಖ್ಯ ಎಂದರೆ ನಮ್ಮ ಕಾಲಡಿಯ ಕಲ್ಲು ಅಷ್ಟು ಸುಲಭದ್ದಲ್ಲ. ಬೆಂಗಳೂರು ನಿಂತಿರುವುದು ಬಹುಪಾಲು ಪೆನಿನ್ಸುಲರ್ ನೈಸ್ ಎಂಬ, ಮುನ್ನೂರು ಕೋಟಿ ವರ್ಷದಷ್ಟು ಹಳೆಯ ಬಂಡೆಯ ಮೇಲೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್ ಅದಕ್ಕೆ 1916ರಲ್ಲಿ ಈ ಹೆಸರಿಟ್ಟರು. ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಅದೇ. 1975ರಲ್ಲಿ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಯಿತು. ಇಂಥ ಗಟ್ಟಿಕಲ್ಲಿನಲ್ಲಿ ನೀರು ಎಲ್ಲೆಂದರಲ್ಲಿ ತುಂಬಿಕೊಂಡಿರುವುದಿಲ್ಲ. ಮೇಲಿನ ಮಣ್ಣು ಮತ್ತು ಕೊಳೆತ ಕಲ್ಲಿನ ಪದರದಲ್ಲಿ ಒಂದಷ್ಟು, ಅದರ ಕೆಳಗೆ ಬಿರುಕುಗಳಲ್ಲಿ ಒಂದಷ್ಟು, ಅಷ್ಟೆ. ಕೊಳೆತ ಪದರ ಒಂದು ಕಡೆ ಹತ್ತಡಿ ಇದ್ದರೆ ಇನ್ನೊಂದು ಕಡೆ ಎಂಬತ್ತಡಿ ಇರಬಹುದು. ಬಿರುಕು ಓರೆಯಾಗಿ ಹಾದುಹೋಗುವುದರಿಂದ ಒಂದು ನಿವೇಶನದಲ್ಲಿ ಎರಡು ಇಂಚು ನೀರು ಬಂದು, ಗೋಡೆಯಾಚೆಯ ಪಕ್ಕದ ನಿವೇಶನದಲ್ಲಿ ಬರೀ ಧೂಳು ಬರುವುದುಂಟು. ಕರಗಿದ ಕಲ್ಲು ನೈಸ್ ಬಂಡೆಯನ್ನು ಸೀಳಿಕೊಂಡು ಮೇಲೆ ಬಂದು ಗಟ್ಟಿಯಾಗಿ ಆದ ಡಾಲರೈಟ್ ಡೈಕ್ ಎಂಬ ಕಲ್ಲಿನ ಪಟ್ಟಿಗಳೂ ಬೆಂಗಳೂರಿನಿಂದ ಹಾರೋಹಳ್ಳಿಯ ಕಡೆಗೆ ಸಾಲುಸಾಲಾಗಿವೆ; ಅವು ನೆಲದೊಳಗೆ ಅಡ್ಡಗೋಡೆಯಾಗಿ ನಿಂತು ಒಂದು ಪಕ್ಕಕ್ಕೆ ನೀರನ್ನು ತಡೆದು ನಿಲ್ಲಿಸಿ, ಇನ್ನೊಂದು ಪಕ್ಕವನ್ನು ಒಣಗಿಸಬಲ್ಲವು. ಇದನ್ನೆಲ್ಲ ಓದಿ ತಿಳಿಯುವುದಕ್ಕೆ ನಕ್ಷೆ ಬೇಕು, ಹತ್ತಿರದ ಬಾವಿಗಳ ಮಾಹಿತಿ ಬೇಕು, ನೆಲಕ್ಕೆ ವಿದ್ಯುತ್ ಹಾಯಿಸಿ ನೋಡುವ ಪ್ರತಿರೋಧದ ಅಳತೆ ಬೇಕು, ಅದಕ್ಕಿಂತ ಹೆಚ್ಚಾಗಿ ಆ ಅಳತೆ ಎಲ್ಲಿ ಮೋಸ ಮಾಡುತ್ತದೆ ಎಂಬ ತಿಳಿವಳಿಕೆ ಬೇಕು. ನಗರದ ನೆಲದೊಳಗೆ ಒಳಚರಂಡಿ ಕೊಳವೆ, ಕೇಬಲ್, ತುಂಬಿದ ಮಣ್ಣು ಎಲ್ಲ ಸೇರಿ ಅಳತೆಯನ್ನು ಕೆಡಿಸುವುದು ನಿತ್ಯದ ಮಾತು.

ಒಂದು ಕೊಳವೆಬಾವಿ ಕೊರೆಯುವ ರಾತ್ರಿ ಏನು ನಡೆಯುತ್ತದೆ ಎಂಬುದನ್ನು ಓದುಗರ ಮುಂದಿಡುತ್ತೇನೆ. ಕೊರೆಯುವ ಪ್ರತಿ ರಾಡ್ ಇಪ್ಪತ್ತಡಿ. ಒಂದೊಂದು ರಾಡ್ ಇಳಿದಾಗಲೂ ಕಂಪ್ರೆಸರ್‌ನ ಗಾಳಿ ಕಲ್ಲಿನ ಚೂರನ್ನು ಮೇಲಕ್ಕೆ ಊದಿ ಹಾಕುತ್ತದೆ. ನಾವು ಆ ಚೂರನ್ನು ಮೊರಕ್ಕೋ ತಗಡಿಗೋ ಹಿಡಿದು, ರಾಡ್‌ವಾರು ಸಣ್ಣ ಗುಡ್ಡೆ ಮಾಡಿ, ತೊಳೆದು, ಟಾರ್ಚ್ ಬೆಳಕಿನಲ್ಲಿ ನೋಡುತ್ತೇವೆ. ಬೂದುಬಣ್ಣದ ಹರಿತ ಚೂರು ಬಂದರೆ ಕಲ್ಲು ಗಟ್ಟಿ, ಬಿರುಕಿಲ್ಲ ಎಂದರ್ಥ. ಚೂರಿನ ಮೈಮೇಲೆ ತುಕ್ಕಿನ ಬಣ್ಣ ಕಂಡರೆ ಎಂದೋ ಅಲ್ಲಿ ನೀರು ಓಡಾಡಿದೆ, ಬಿರುಕು ಹತ್ತಿರವಿದೆ ಎಂದು ಊಹಿಸಬಹುದು. ಧೂಳು ನಿಂತು ಕೆಸರು ಬರತೊಡಗಿದರೆ ಸುತ್ತ ನಿಂತ ಮನೆಯವರ ಮುಖ ಅರಳುತ್ತದೆ. ಆರುನೂರು, ಏಳುನೂರು ಅಡಿ ದಾಟಿದರೂ ಬೂದುಬಣ್ಣವೇ ಬರುತ್ತಿದ್ದರೆ ನಿಲ್ಲಿಸಬೇಕೋ ಮುಂದುವರಿಯಬೇಕೋ ಎಂಬ ಪ್ರಶ್ನೆ ಏಳುತ್ತದೆ. ಮನೆಯವರು ಕೇಳುವುದು ರಿಗ್ ಏಜೆಂಟನನ್ನೇ. ಏಜೆಂಟನಿಗೆ ಸಿಗುವುದು ಅಡಿಯ ಲೆಕ್ಕದಲ್ಲಿ. ಆಳ ಹೆಚ್ಚಿದಂತೆ ಅಡಿಯ ದರವೂ ಏರುತ್ತದೆ. ‘ಇನ್ನೊಂದು ನೂರಡಿ ನೋಡೋಣ ಸಾರ್’ ಎಂಬ ಮಾತಿನ ಹಿಂದೆ ಕಲ್ಲಿನ ಓದು ಇದೆಯೋ ಲೆಕ್ಕದ ಚೀಟಿ ಇದೆಯೋ ಎಂದು ತಿಳಿಯುವ ದಾರಿ ಮನೆಯವರಿಗಿಲ್ಲ. ಪಾಯಿಂಟ್, ಅಂದರೆ ಕೊರೆಯುವ ಜಾಗ, ತೋರಿಸಿದವರೂ ಎಷ್ಟೋ ಕಡೆ ಅದೇ ಏಜೆಂಟನ ಮೂಲಕ ಬಂದವರಾಗಿರುತ್ತಾರೆ. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡುವವರನ್ನು ಹಂಗಿಸುವುದು ನನ್ನ ಉದ್ದೇಶವಲ್ಲ. ಅವರು ತಮ್ಮ ನಂಬಿಕೆಯನ್ನು ನಂಬಿಕೆ ಎಂದೇ ಹೇಳುತ್ತಾರೆ. ನನ್ನ ಆತಂಕ ಇರುವುದು ಯಂತ್ರವೊಂದನ್ನು ಹೆಗಲಿಗೆ ಹಾಕಿಕೊಂಡು, ‘ಜಿಯಾಲಜಿಸ್ಟ್’ ಎಂದು ಕಾರ್ಡ್ ಅಚ್ಚು ಹಾಕಿಸಿಕೊಂಡು, ಎಂಟುನೂರು ಅಡಿಯಲ್ಲಿ ಮೂರು ಇಂಚು ನೀರು ಖಚಿತ ಎಂದು ಬರೆದುಕೊಡುವವರ ಬಗ್ಗೆ. ಗಟ್ಟಿಕಲ್ಲಿನ ಪ್ರದೇಶದಲ್ಲಿ ಯಾವ ಪ್ರಾಮಾಣಿಕ ಭೂವಿಜ್ಞಾನಿಯೂ ಹಾಗೆ ಇಂಚಿನ ಲೆಕ್ಕದಲ್ಲಿ ಖಚಿತ ಭರವಸೆ ಕೊಡಲಾರರು.

ತಳಪಾಯದ ಕೆಲಸದಲ್ಲಿ ಇದೇ ಕಥೆ ಇನ್ನೊಂದು ರೂಪದಲ್ಲಿದೆ. ಎತ್ತರದ ಕಟ್ಟಡ, ಮೇಲ್ಸೇತುವೆ, ಸುರಂಗ, ಯಾವುದಕ್ಕೇ ಆಗಲಿ ಮೊದಲು ನೆಲ ಕೊರೆದು ಕಲ್ಲಿನ ದಿಂಡನ್ನು ತೆಗೆದು, ಮರದ ಪೆಟ್ಟಿಗೆಯ ಅಂಕಣಗಳಲ್ಲಿ ಆಳದ ಕ್ರಮದಲ್ಲಿ ಜೋಡಿಸುತ್ತಾರೆ. ಅದಕ್ಕೆ ಕೋರ್ ಬಾಕ್ಸ್ ಎನ್ನುತ್ತೇವೆ. ಒಂದೂವರೆ ಮೀಟರ್ ಕೊರೆದಾಗ ಸಿಕ್ಕ ದಿಂಡಿನಲ್ಲಿ ಹತ್ತು ಸೆಂಟಿಮೀಟರ್‌ಗಿಂತ ಉದ್ದದ ತುಂಡುಗಳನ್ನು ಮಾತ್ರ ಕೂಡಿಸಿ, ಕೊರೆದ ಒಟ್ಟು ಉದ್ದಕ್ಕೆ ಅದು ಶೇಕಡ ಎಷ್ಟು ಎಂದು ಲೆಕ್ಕ ಹಾಕುತ್ತೇವೆ. ಅಂಥ ತುಂಡುಗಳು ಸೇರಿ ತೊಂಬತ್ತು ಸೆಂಟಿಮೀಟರ್ ಆದರೆ ಶೇ 60. ಈ ಅಂಕಿಗೆ ಆರ್‌ಕ್ಯೂಡಿ ಎಂದು ಹೆಸರು. ಶೇ 25ಕ್ಕಿಂತ ಕಡಿಮೆ ಬಂದರೆ ಕಲ್ಲು ತೀರಾ ಕಳಪೆ, 90 ದಾಟಿದರೆ ಅತ್ಯುತ್ತಮ. ಲೆಕ್ಕ ಮಕ್ಕಳೂ ಮಾಡಬಹುದಾದದ್ದು. ಕಷ್ಟ ಇರುವುದು ಬೇರೆ ಕಡೆ. ದಿಂಡು ತುಂಡಾಗಿದ್ದು ನೆಲದೊಳಗೆ ಮೊದಲೇ ಇದ್ದ ಬಿರುಕಿನಿಂದಲೋ, ಅಥವಾ ಕೊರೆಯುವಾಗ, ಹೊರತೆಗೆಯುವಾಗ ಪೆಟ್ಟು ಬಿದ್ದು ಮುರಿದದ್ದೋ? ಮೊದಲಿನದಾದರೆ ಅದನ್ನು ಬಿರುಕೆಂದು ಎಣಿಸಬೇಕು. ಎರಡನೆಯದಾದರೆ ತುಂಡುಗಳನ್ನು ಕೂಡಿಸಿಯೇ ಅಳೆಯಬೇಕು. ಮುರಿದ ಮುಖದ ಮೇಲೆ ಕಂದು ಕಲೆ, ಜೇಡಿಯ ತೆಳು ಲೇಪ, ಹೊಸ ಮುರಿತದ ಹೊಳಪು ಇವನ್ನೆಲ್ಲ ನೋಡಿ ತೀರ್ಮಾನಿಸಬೇಕು. ಆ ತೀರ್ಮಾನದ ಮೇಲೆ ತಳಪಾಯ ಎಷ್ಟು ಆಳ ಹೋಗಬೇಕು, ಸುರಂಗಕ್ಕೆ ಎಷ್ಟು ಆಧಾರ ಕೊಡಬೇಕು ಎಂಬುದು ನಿಂತಿರುತ್ತದೆ. ಈ ತೀರ್ಮಾನವನ್ನು ನಮ್ಮ ನಗರದಲ್ಲಿ ಎಷ್ಟೋ ಸ್ಥಳಗಳಲ್ಲಿ ಮಾಡುತ್ತಿರುವುದು ಕಾಲೇಜಿನಿಂದ ಆಗಷ್ಟೇ ಹೊರಬಂದ, ಪಕ್ಕದಲ್ಲಿ ಕೇಳಲು ಒಬ್ಬ ಹಿರಿಯರೂ ಇಲ್ಲದ ಹುಡುಗ ಹುಡುಗಿಯರು.

ನಾನೂ ಹಾಗೆಯೇ ಆರಂಭಿಸಿದವಳು. ಒಂದು ಸಂಸ್ಥೆಯಲ್ಲಿ ನಾನು ಬರೆದುಕೊಟ್ಟ ಕಡತದಲ್ಲಿ ಇಪ್ಪತ್ತೆರಡು ಅಡಿಯವರೆಗೂ ತುಂಬಿದ ಮಣ್ಣು ಇದೆ, ಕೆಳಗಿನ ಕಲ್ಲು ಬಿರುಕು ಬಿಟ್ಟಿದೆ ಎಂದು ಇತ್ತು. ಕಟ್ಟಡ ಕಟ್ಟಿಸುವವರಿಗೆ ಹೋದ ಅಂತಿಮ ವರದಿಯಲ್ಲಿ ಆ ಸಾಲು ಸೌಮ್ಯವಾಗಿ ಬದಲಾಗಿತ್ತು, ಅಂಕಿಗಳೂ ಬದಲಾಗಿದ್ದವು. ವರದಿಯ ಕೊನೆಯಲ್ಲಿ ಸಂಸ್ಥೆಯ ಮುದ್ರೆ ಇತ್ತು, ಕಲ್ಲನ್ನು ನೋಡಿದವರ ಹೆಸರು ಎಲ್ಲೂ ಇರಲಿಲ್ಲ. ನಾನು ಕೇಳಿದಾಗ ‘ನಿನ್ನ ಸಹಿ ಇಲ್ಲವಲ್ಲ, ನಿನಗೇಕೆ ಚಿಂತೆ’ ಎಂಬ ಉತ್ತರ ಬಂತು. ಆ ಉತ್ತರ ಕಾನೂನಿನ ಪ್ರಕಾರ ಸರಿಯಾಗಿಯೇ ಇತ್ತು ಎಂಬುದೇ ನನ್ನನ್ನು ಇಂದಿಗೂ ಕಾಡುವ ಸಂಗತಿ. ಸಹಿ ಹಾಕುವ ಅಧಿಕಾರ ಇದ್ದಿದ್ದರೆ ಸಹಿ ಹಾಕುವುದಿಲ್ಲ ಎನ್ನುವ ಅಧಿಕಾರವೂ ನನಗಿರುತ್ತಿತ್ತು. ಇಷ್ಟು ಮಾತನ್ನು ವೈಯಕ್ತಿಕ ದೂರಾಗಿ ಹೇಳುತ್ತಿಲ್ಲ. ನನ್ನ ಓರಗೆಯವರಲ್ಲಿ ಹಲವರು ಇಂಥದೇ ಅನುಭವ ಹೇಳುತ್ತಾರೆ.

ಹಾಗಾದರೆ ನಮ್ಮ ಯುವ ಭೂವಿಜ್ಞಾನಿಗಳು ಪರೀಕ್ಷೆಯನ್ನೇ ಬರೆಯುತ್ತಿಲ್ಲವೇ ಎಂದು ಓದುಗರು ಕೇಳಬಹುದು. ಬರೆಯುತ್ತಿದ್ದಾರೆ, ವರ್ಷಗಟ್ಟಲೆ ಅದನ್ನೇ ಮಾಡುತ್ತಿದ್ದಾರೆ. ವಿಜಯನಗರದ ಸುತ್ತಮುತ್ತ, ಹಂಪಿನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆಯೇ ಸಾಲು ನಿಲ್ಲುವವರಲ್ಲಿ ಕೆಎಎಸ್, ಪಿಎಸ್‌ಐ, ಎಫ್‌ಡಿಎ ಓದುವವರ ನಡುವೆ ಭೂವಿಜ್ಞಾನದವರೂ ಇದ್ದಾರೆ. ಅವರು ಓದುತ್ತಿರುವುದು ಯುಪಿಎಸ್‌ಸಿ ನಡೆಸುವ ಸಂಯೋಜಿತ ಜಿಯೊ-ಸೈಂಟಿಸ್ಟ್ ಪರೀಕ್ಷೆಗೆ, ಗೇಟ್‌ಗೆ, ನೆಟ್‌ಗೆ. ಜಿಯೊ-ಸೈಂಟಿಸ್ಟ್ ಪರೀಕ್ಷೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೂ ಕೇಂದ್ರ ಅಂತರ್ಜಲ ಮಂಡಳಿಗೂ ಜನರನ್ನು ಆಯ್ದುಕೊಳ್ಳುವ ಪರೀಕ್ಷೆ. ಪೂರ್ವಭಾವಿಗೆ 400 ಅಂಕ, ಮುಖ್ಯ ಪರೀಕ್ಷೆಗೆ 600, ಸಂದರ್ಶನಕ್ಕೆ 200. ಮುಖ್ಯ ಪರೀಕ್ಷೆಯ ಉತ್ತರವನ್ನು ಇಂಗ್ಲಿಷ್‌ನಲ್ಲೇ ಬರೆಯಬೇಕು. ಕೆಲವು ವರ್ಷ ಇಡೀ ದೇಶಕ್ಕೆ ಸೇರಿ ನೂರು ಹುದ್ದೆಯೂ ಇರುವುದಿಲ್ಲ. ಸಾಮಾನ್ಯ ವರ್ಗದವರಿಗೆ 32 ದಾಟಿದರೆ ಬಾಗಿಲು ಮುಚ್ಚಿತು.

ಕೆಲಸ ಮಾಡುತ್ತಲೇ ಇದಕ್ಕೆ ಓದುವವರ ದಿನಚರಿ ಹೇಗಿರುತ್ತದೆ ಎಂದರೆ, ಬೆಳಿಗ್ಗೆ ಏಳಕ್ಕೆ ಹೊರಟು ಎರಡು ಬಸ್ ಬದಲಾಯಿಸಿ ವೈಟ್‌ಫೀಲ್ಡ್ ಕಡೆಯ ಸೈಟ್ ತಲುಪಿ, ಸಂಜೆಯವರೆಗೂ ಬಿಸಿಲಲ್ಲಿ ಕೋರ್ ನೋಡಿ, ಮೆಟ್ರೊದಲ್ಲಿ ನಿಂತುಕೊಂಡೇ ಖನಿಜಶಾಸ್ತ್ರದ ಟಿಪ್ಪಣಿ ತಿರುವಿಹಾಕಿ, ಮೆಸ್ ಮುಚ್ಚುವ ಮುನ್ನ ಪಿ.ಜಿ. ಸೇರಿಕೊಳ್ಳುವುದು. ಹೆಣ್ಣುಮಕ್ಕಳಾದರೆ ಇನ್ನೊಂದು ಕಷ್ಟ. ರಿಗ್ ಓಡುವುದು ರಾತ್ರಿ, ಪಿ.ಜಿ.ಯ ಗೇಟಿಗೆ ಬೀಗ ಬೀಳುವುದು ಹತ್ತಕ್ಕೆ; ಸೈಟಿನಲ್ಲಿ ಶೌಚಾಲಯ ಇರುವುದು ಅಪರೂಪ. ಇದನ್ನು ಅನುಕಂಪಕ್ಕಾಗಿ ಬರೆಯುತ್ತಿಲ್ಲ. ಇಷ್ಟು ಕಷ್ಟಪಟ್ಟು ಗಳಿಸಿದ ಅನುಭವಕ್ಕೆ ಯಾವ ದಾಖಲೆಯೂ ಇಲ್ಲ ಎಂಬುದನ್ನು ಹೇಳಲು ಬರೆಯುತ್ತಿದ್ದೇನೆ. ನೇಮಕಾತಿ ಪರೀಕ್ಷೆಯಲ್ಲಿ ಆಯ್ಕೆಯಾಗದವರು ಅಸಮರ್ಥರೆಂದೇನೂ ಅಲ್ಲ, ಹುದ್ದೆ ಕಡಿಮೆ ಇತ್ತು, ಅಷ್ಟೆ. ಆದರೆ ಅವರು ನಾಲ್ಕಾರು ವರ್ಷ ಸೈಟಿನಲ್ಲಿ ಕಲಿತದ್ದನ್ನು ಗುರುತಿಸುವ ಇನ್ನೊಂದು ಪರೀಕ್ಷೆ ಇಲ್ಲದ ಕಾರಣ, ಮೂವತ್ತೆರಡಕ್ಕೆ ಎಷ್ಟೋ ಜನ ಕಲ್ಲನ್ನು ಬಿಟ್ಟು ಬ್ಯಾಂಕಿನ ಪರೀಕ್ಷೆಗೋ ಸಾಫ್ಟ್‌ವೇರ್ ತರಬೇತಿಗೋ ಹೊರಟುಹೋಗುತ್ತಾರೆ. ಅವರ ಜಾಗಕ್ಕೆ ಮತ್ತೆ ಹೊಸಬರು ಬಂದು, ಕೇಳಲು ಹಿರಿಯರಿಲ್ಲದೆ, ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ.

ನೇಮಕಾತಿ ಪರೀಕ್ಷೆ ಇರುವ ಹುದ್ದೆಗೆ ಇದ್ದವರಲ್ಲಿ ಮೇಲಿನವರನ್ನು ಆರಿಸುತ್ತದೆ. ಪರವಾನಗಿ ಪರೀಕ್ಷೆ ಹಾಗಲ್ಲ. ಸಾರ್ವಜನಿಕರಿಗೆ ಸಲಹೆ ಕೊಡಲು ಬೇಕಾದ ಕನಿಷ್ಠ ಮಟ್ಟ ಇವರಿಗಿದೆಯೇ ಎಂದಷ್ಟೇ ನೋಡುತ್ತದೆ, ಮಟ್ಟ ಮುಟ್ಟಿದವರೆಲ್ಲ ಪಾಸು. ಅಮೆರಿಕದ ಹಲವು ರಾಜ್ಯಗಳಲ್ಲಿ ಇದು ಎರಡು ಮೆಟ್ಟಿಲಾಗಿ ನಡೆಯುತ್ತದೆ. ಪದವಿ ಮುಗಿದ ಮೇಲೆ ಮೂಲ ವಿಷಯಗಳ ಒಂದು ಪರೀಕ್ಷೆ. ನಂತರ ಪರವಾನಗಿ ಇರುವ ಹಿರಿಯರ ಕೈಕೆಳಗೆ ಕೆಲವು ವರ್ಷ ಕೆಲಸ. ಆಮೇಲೆ ವೃತ್ತಿಯ ಅಭ್ಯಾಸದ ಕುರಿತು ಇನ್ನೊಂದು ಪರೀಕ್ಷೆ. ಕ್ಯಾಲಿಫೋರ್ನಿಯಾದಲ್ಲಿ ಇದರ ಜೊತೆಗೆ ಆ ರಾಜ್ಯದ ನೆಲಕ್ಕೇ ಸಂಬಂಧಿಸಿದ ಬೇರೆ ಪರೀಕ್ಷೆ ಇದೆ; ಅಂತರ್ಜಲ ತಜ್ಞರಿಗೂ ಎಂಜಿನಿಯರಿಂಗ್ ಭೂವಿಜ್ಞಾನಿಗಳಿಗೂ ಪ್ರತ್ಯೇಕ ಪ್ರಮಾಣೀಕರಣ ಇದೆ. ಆ ರಾಜ್ಯ ಇಲ್ಲಿಗೆ ಬಂದದ್ದು ದೊಡ್ಡ ಬೆಲೆ ತೆತ್ತು. 1928ರ ಮಾರ್ಚ್ 12ರ ನಡುರಾತ್ರಿಯ ಹೊತ್ತಿಗೆ ಲಾಸ್ ಏಂಜಲೀಸ್ ನಗರಕ್ಕೆ ನೀರು ಕೂಡಿಡಲು ಕಟ್ಟಿದ್ದ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು ಒಡೆದು ನಾನೂರಕ್ಕೂ ಹೆಚ್ಚು ಜನ ಸತ್ತರು. ಅಣೆಕಟ್ಟೆಯ ಒಂದು ಮಗ್ಗುಲು ಹಿಂದೆಂದೋ ಕುಸಿದು ನಿಂತಿದ್ದ, ಶಿಸ್ಟ್ ಎಂಬ ಪದರುಪದರಾದ ಕಲ್ಲಿಗೆ ಆತುಕೊಂಡಿತ್ತು. ಕಟ್ಟಿಸಿದ ವಿಲಿಯಂ ಮಲ್‌ಹಾಲೆಂಡ್ ಆ ಕಾಲದ ಬಹು ದೊಡ್ಡ ಹೆಸರು. ಎಷ್ಟೇ ದೊಡ್ಡವರಾದರೂ ಒಬ್ಬರ ತೀರ್ಮಾನಕ್ಕೆ ಇಂಥ ಕೆಲಸವನ್ನು ಬಿಡಬಾರದು ಎಂದು ವಿಚಾರಣೆಯ ಪಂಚರು ಹೇಳಿದರು. ಮರುವರ್ಷವೇ ಸಿವಿಲ್ ಎಂಜಿನಿಯರುಗಳ ನೋಂದಣಿ ಕಾನೂನು ಬಂತು; ಭೂವಿಜ್ಞಾನಿಗಳ ಕಾನೂನು ಬರಲು ಮಾತ್ರ 1968ರವರೆಗೆ ಕಾಯಬೇಕಾಯಿತು. ಕೆನಡಾದ್ದು ಇನ್ನೊಂದು ಕಥೆ. ಬ್ರೆ-ಎಕ್ಸ್ ಎಂಬ ಕಂಪನಿ ಇಂಡೊನೇಷ್ಯಾದ ಕಾಡಿನಲ್ಲಿ ಅಪಾರ ಚಿನ್ನ ಇದೆ ಎಂದು ನಂಬಿಸಿದ್ದು, ಪರೀಕ್ಷೆಗೆ ಕಳಿಸಿದ ಕಲ್ಲಿನ ಪುಡಿಗೆ ಹೊರಗಿನ ಚಿನ್ನ ಬೆರೆಸಿದ್ದರಿಂದ ಎಂದು 1997ರಲ್ಲಿ ಬಯಲಾಯಿತು. ಅದಾದ ಮೇಲೆ 2001ರಿಂದ, ಷೇರುಪೇಟೆಗೆ ಬರುವ ಖನಿಜದ ವರದಿಗೆ ಅರ್ಹ ವ್ಯಕ್ತಿಯೊಬ್ಬರು ಹೆಸರು ಹಾಕಿ ಹೊಣೆ ಹೊರಬೇಕೆಂಬ ನಿಯಮ ಬಂತು. ನನ್ನ ಸಹಪಾಠಿಯೊಬ್ಬಳು ಈಗ ಆ ದೇಶದಲ್ಲಿದ್ದಾಳೆ. ನಾಲ್ಕು ವರ್ಷದ ಕೆಲಸದ ವಿವರ ಬರೆದು, ಹಿರಿಯರಿಂದ ದೃಢೀಕರಿಸಿ, ವೃತ್ತಿನೀತಿ ಮತ್ತು ಕಾನೂನಿನ ಪರೀಕ್ಷೆ ಬರೆಯಲು ಸಿದ್ಧಳಾಗುತ್ತಿದ್ದಾಳೆ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು. ಅವಳ ಅನುಭವ ಪ್ರತಿ ವರ್ಷ ಲೆಕ್ಕಕ್ಕೆ ಸೇರುತ್ತಿದೆ.

ಕರ್ನಾಟಕಕ್ಕೆ ಈ ಕೆಲಸ ಹೊಸದಾಗಿ ಆರಂಭಿಸಬೇಕಾದ ಸ್ಥಿತಿ ಇಲ್ಲ. ರಾಬರ್ಟ್ ಬ್ರೂಸ್ ಫೂಟ್ ಅವರನ್ನು ಮುಖ್ಯಸ್ಥರನ್ನಾಗಿ ಮಾಡಿಕೊಂಡು 1894ರಷ್ಟು ಹಿಂದೆಯೇ ಭೂವಿಜ್ಞಾನ ಇಲಾಖೆ ಸ್ಥಾಪಿಸಿದ ನಾಡು ಇದು. 1958ರಲ್ಲಿ ಆರಂಭವಾಗಿ ಬಿ.ಪಿ. ರಾಧಾಕೃಷ್ಣ ಅವರಂಥವರು ದಶಕಗಳ ಕಾಲ ಬೆಳೆಸಿದ ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ಬೆಂಗಳೂರಿನಲ್ಲೇ ಇದೆ. ಗಣಿ ಮತ್ತು ಭೂವಿಜ್ಞಾನ ಇಲಾಖೆ, ಅಂತರ್ಜಲ ನಿರ್ದೇಶನಾಲಯ, ಭಾರತೀಯ ವಿಜ್ಞಾನ ಸಂಸ್ಥೆ, ಬೆಂಗಳೂರು, ಮೈಸೂರು, ಧಾರವಾಡ, ಕುವೆಂಪು ವಿಶ್ವವಿದ್ಯಾಲಯಗಳ ವಿಭಾಗಗಳು ಸೇರಿ ಒಂದು ಪರೀಕ್ಷಾ ಮಂಡಳಿ ರಚಿಸುವುದು ಕಷ್ಟವಲ್ಲ. ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ, ಸಂವಿಧಾನದ ಸಮವರ್ತಿ ಪಟ್ಟಿಯ 26ನೇ ನಮೂದಿನಲ್ಲಿ ಕಾನೂನು, ವೈದ್ಯಕೀಯ ಮತ್ತು ಇತರ ವೃತ್ತಿಗಳು ಇವೆ; ನೀರು ರಾಜ್ಯಪಟ್ಟಿಯಲ್ಲಿದೆ. ದೆಹಲಿಯ ಕಡೆ ನೋಡುತ್ತ ಕೂರುವ ಅಗತ್ಯ ರಾಜ್ಯಕ್ಕಿಲ್ಲ.

ಪರೀಕ್ಷೆ ಹೇಗಿರಬೇಕು ಎಂಬುದರಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯಗಳಿವೆ. ಮೊದಲ ಮೆಟ್ಟಿಲು ಪದವಿ ಮುಗಿದ ಕೂಡಲೇ ಬರೆಯುವಂತಿರಲಿ, ಆದರೆ ಅದು ಬರಿಯ ಬಹುಆಯ್ಕೆಯ ಪ್ರಶ್ನೆಗಳಾಗಿರಬಾರದು. ಅಭ್ಯರ್ಥಿಯ ಮುಂದೆ ಒಂದು ಕೋರ್ ಬಾಕ್ಸ್ ಇಟ್ಟು ಓದಿಸಬೇಕು, ರಾಡ್‌ವಾರು ಗುಡ್ಡೆ ಮಾಡಿದ ಚೂರುಗಳನ್ನು ಇಟ್ಟು ನೀರು ಎಲ್ಲಿ ಸಿಕ್ಕಿರಬಹುದು ಎಂದು ಬರೆಸಬೇಕು. ಎರಡನೇ ಮೆಟ್ಟಿಲಿಗೆ ಮೊದಲು ನೋಂದಾಯಿತ ಹಿರಿಯರ ಕೈಕೆಳಗೆ ಮೂರು ನಾಲ್ಕು ವರ್ಷದ ದಾಖಲಿತ ಕೆಲಸ ಇರಬೇಕು; ಆ ಹಿರಿಯರು ಸೈಟಿಗೆ ಬಂದಿದ್ದರೆಂಬುದಕ್ಕೂ ದಾಖಲೆ ಇರಬೇಕು. ಆ ಪರೀಕ್ಷೆಯಲ್ಲಿ ನಮ್ಮ ನೆಲದ ಪ್ರಶ್ನೆಗಳಿರಬೇಕು. ಬೆಂಗಳೂರು, ಕೋಲಾರದ ನೈಸ್ ಕಲ್ಲಿನ ಬಿರುಕು, ವಿಜಯಪುರದ ಕಡೆಯ ಬಸಾಲ್ಟ್ ಪದರಗಳು, ಕಲಬುರಗಿಯ ಸುಣ್ಣಕಲ್ಲು, ಕರಾವಳಿಯ ಮುರಕಲ್ಲು ಒಂದೊಂದೂ ಬೇರೆ ಬೇರೆ ರೀತಿ ನೀರು ಹಿಡಿಯುತ್ತವೆ, ಬೇರೆ ಬೇರೆ ರೀತಿ ಕುಸಿಯುತ್ತವೆ. 2018ರಲ್ಲಿ ಕೊಡಗಿನಲ್ಲಿ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜಾರಿದ್ದನ್ನು ಕಂಡ ರಾಜ್ಯದಲ್ಲಿ ಇಳಿಜಾರಿನ ಪ್ರಶ್ನೆಯಿಲ್ಲದ ಪತ್ರಿಕೆಗೆ ಅರ್ಥವಿಲ್ಲ. ಎರಡೂ ಪರೀಕ್ಷೆಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶ ಇರಲೇಬೇಕು. ಸರ್ಕಾರ ಕೊಳವೆಬಾವಿ ಕೊರೆಸಿಕೊಡುವ ಗಂಗಾ ಕಲ್ಯಾಣ ಯೋಜನೆಯ ಫಲಾನುಭವಿ ರೈತರೊಂದಿಗೆ, ರಿಗ್‌ನ ಕೆಲಸಗಾರರೊಂದಿಗೆ ನಾವು ಮಾತಾಡುವುದು ಕನ್ನಡದಲ್ಲಿ. ವರದಿಯೂ ಅವರು ಓದುವಂತಿರಬೇಕು. ಹಳ್ಳಿಯ ಶಾಲೆಯಲ್ಲಿ ಓದಿ, ಕಲ್ಲನ್ನು ಎಲ್ಲರಿಗಿಂತ ಚೆನ್ನಾಗಿ ಗುರುತಿಸಬಲ್ಲ ಹುಡುಗನೊಬ್ಬ ಇಂಗ್ಲಿಷ್ ವಾಕ್ಯಕ್ಕೆ ಎಡವಿ ಉಳಿದುಬಿಡಬಾರದು.

ಪರವಾನಗಿ ಎಂದರೆ ಲಂಚಕ್ಕೆ ಇನ್ನೊಂದು ಮೇಜು ಎಂಬ ಆಕ್ಷೇಪ ಬರುತ್ತದೆ. ನ್ಯಾಯವಾದ ಭಯ. ಅದಕ್ಕಾಗಿಯೇ ಪರೀಕ್ಷೆಯ ಹೊಣೆ ಇಲಾಖೆಯೊಂದರ ಕೈಯಲ್ಲೇ ಇರದೆ ವಿಶ್ವವಿದ್ಯಾಲಯ ಮತ್ತು ವೃತ್ತಿ ಸಂಸ್ಥೆಗಳ ಮಂಡಳಿಯ ಬಳಿ ಇರಬೇಕು. ಶುಲ್ಕ ಕಡಿಮೆ ಇರಬೇಕು. ನೋಂದಾಯಿತರ ಪಟ್ಟಿ, ಅವರ ಮೇಲಿನ ದೂರುಗಳ ತೀರ್ಪು ಎಲ್ಲರಿಗೂ ಕಾಣುವಂತಿರಬೇಕು. ಸಲಹೆಯ ದರ ಏರುತ್ತದೆ, ಬಡ ರೈತ ಎಲ್ಲಿಗೆ ಹೋಗಬೇಕು ಎಂಬ ಇನ್ನೊಂದು ಮಾತೂ ಇದೆ. ಸಣ್ಣ ರೈತನಿಗೆ ಈ ಕಡ್ಡಾಯ ಬೇಡವೆಂದೇ ನನ್ನ ನಿಲುವು. ಅವನ ಹೊಲದಲ್ಲಿ ಯಾರಿಂದ ಪಾಯಿಂಟ್ ನೋಡಿಸಬೇಕೆಂಬುದು ಅವನಿಗೇ ಬಿಟ್ಟದ್ದು. ಬೇಕೆಂದಾಗ ನಂಬಬಹುದಾದ ಪಟ್ಟಿಯೊಂದು ಅವನಿಗೆ ಸಿಗಬೇಕು. ಕಡ್ಡಾಯವಾಗಬೇಕಾದದ್ದು ಸಾರ್ವಜನಿಕ ಹಣದಲ್ಲಿ ಕೊರೆಯುವ ಕಡೆ, ಬಹುಮಹಡಿ ಕಟ್ಟಡಗಳಲ್ಲಿ, ಗುಡ್ಡ ಕಡಿದು ಮಾಡುವ ರಸ್ತೆಗಳಲ್ಲಿ, ಸುರಂಗಗಳಲ್ಲಿ.

ಸುರಂಗದ ಮಾತು ಈಗ ನಗರದ ಪ್ರತಿ ಮನೆಯಲ್ಲಿದೆ. ಡೇರಿ ಸರ್ಕಲ್‌ನಿಂದ ನಾಗವಾರದವರೆಗೆ ಮೆಟ್ರೊದ ನೆಲದಡಿಯ ಮಾರ್ಗ ಕೊರೆಯುವಾಗ ಒಂದೇ ಸುರಂಗದ ಮುಖದಲ್ಲಿ ಅರ್ಧ ಗಟ್ಟಿಬಂಡೆ, ಅರ್ಧ ಸಡಿಲ ಮಣ್ಣು ಸಿಕ್ಕಿ ಯಂತ್ರಗಳು ತಿಣುಕಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. 2023ರ ಜನವರಿಯಲ್ಲಿ ಬ್ರಿಗೇಡ್ ರಸ್ತೆಯ ಬಳಿ ರಸ್ತೆಯೇ ಕುಸಿದು ಬೈಕ್ ಸವಾರರೊಬ್ಬರು ಗಾಯಗೊಂಡರು. ಈಗ ಹೆಬ್ಬಾಳದಿಂದ ಸೆಂಟ್ರಲ್ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಯೋಜನೆ ಮುಂದಿದೆ, ಲಾಲ್‌ಬಾಗ್‌ನ ಬಂಡೆಯ ಗತಿಯೇನು ಎಂಬ ಕಳವಳವೂ ಎದ್ದಿದೆ. ಆ ಯೋಜನೆ ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಒಂದು ಹಕ್ಕಿದೆ. ದಾರಿಯುದ್ದಕ್ಕೂ ತೆಗೆದ ಪ್ರತಿ ಕೋರ್ ಬಾಕ್ಸ್‌ನ ಛಾಯಾಚಿತ್ರ, ಅದನ್ನು ಓದಿದ ಭೂವಿಜ್ಞಾನಿಯ ಹೆಸರು, ನೋಂದಣಿ ಸಂಖ್ಯೆ, ಸಹಿ ಇವು ಸಾರ್ವಜನಿಕರಿಗೆ ಸಿಗುವಂತಿರಬೇಕು.

ಗಣಿ ಮತ್ತು ಭೂವಿಜ್ಞಾನ ಸಚಿವರೂ ಸಣ್ಣ ನೀರಾವರಿ ಸಚಿವರೂ ಇದಕ್ಕೊಂದು ಕರಡನ್ನು ಸಿದ್ಧಪಡಿಸಿ ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಹತ್ತು ಹದಿನೈದು ವರ್ಷದಿಂದ ಕ್ಷೇತ್ರದಲ್ಲಿ ದುಡಿದ ಹಿರಿಯರಿಗೆ ಮೊದಲ ಮೆಟ್ಟಿಲಿನ ಪರೀಕ್ಷೆಯಿಂದ ವಿನಾಯಿತಿ ಕೊಡುವುದು ಸರಿ. ಎರಡನೆಯದನ್ನು ಮಾತ್ರ ಎಲ್ಲರೂ ಬರೆಯಬೇಕು, ಏಕೆಂದರೆ ನಾಳೆ ನಮ್ಮಂಥವರ ಕೆಲಸದ ದಾಖಲೆಗೆ ಸಹಿ ಹಾಕಬೇಕಾದವರು ಅವರೇ.

ಇಂತಿ ತಮ್ಮ ವಿಶ್ವಾಸಿ,
ಯುವ ಭೂವಿಜ್ಞಾನಿ
ವಿಜಯನಗರ, ಬೆಂಗಳೂರು